ನೀಲಿ ಚೀಟಿಯ ಪ್ಯೂರಿ

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ ಅಕ್ಕನ ಹೊಲಿಗೆ ಅಳತೆಗಳದ್ದು. ಮುಂದಿನ ಅರ್ಧದ ತುಂಬ ಯಾರ್ಯಾರದೋ ಸೊಂಟ, ತೋಳು, ಭುಜ. ಹಿಂದಿನ ಅರ್ಧ ಖಾಲಿ ಇತ್ತು. ತಲೆಯೊಳಗೆ ಇರುವುದನ್ನು ಎಲ್ಲಾದರೂ ಸುರಿಯದಿದ್ದರೆ ನನಗೆ ಹುಚ್ಚೇ ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲಾಗಿದ್ದರೆ "ಲೋ, ನನ್ನ ಪುಸ್ತಕ ಯಾಕೋ ಮುಟ್ಟಿದೆ?" ಎಂದು ಮೈಮೇಲೆ ಬರುತ್ತಿದ್ದಳು. ಈಗ ಅಷ್ಟು ಉದ್ದದ ಮಾತು ಅವಳ ಬಾಯಲ್ಲಿ ಬರುವುದಿಲ್ಲ.

ಪಾರ್ಶ್ವವಾಯು ಹೊಡೆದು ಆರು ವಾರವಾಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ನಾಲಿಗೆ ಅರ್ಧ ಉಳಿಯಿತು. ಮನೆಗೆ ಕರೆತಂದು ಹತ್ತು ದಿನ. ಇವತ್ತು ಚಮಚ ಡಾಕ್ಟರ್ ನೋಡಿದರು. ನುಂಗುವ ಪರೀಕ್ಷೆ ಮಾಡುವ ಡಾಕ್ಟರಮ್ಮ ಅವರು. ಕೋಟಿನ ಜೇಬಿನಲ್ಲಿ ಯಾವಾಗಲೂ ನಾಲ್ಕು ಚಮಚ ಇರುವುದರಿಂದ ನಮ್ಮ ಅಡುಗೆಮನೆಯವರು ಇಟ್ಟ ಹೆಸರು.

"ತೂಕ ನಲವತ್ತೊಂದು ಕಿಲೋ. ಇಪ್ಪತ್ತಾರಕ್ಕೆ ಮತ್ತೆ ಕರ್ಕೊಂಡು ಬನ್ನಿ. ನಲವತ್ತರ ಕೆಳಗೆ ಇಳಿದಿದ್ರೆ ಹೊಟ್ಟೆಗೆ ಟ್ಯೂಬ್ ಹಾಕ್ಲೇಬೇಕು. ಅಲ್ಲೀವರೆಗೂ ಬರೀ ಪ್ಯೂರಿ. ಪ್ಯೂರಿ ಅಂದ್ರೆ ಏನು ಅಂತ ಹೇಳ್ಬೇಕಾ ನಿಮಗೆ?"

ನನಗೆ! ಇಪ್ಪತ್ತೆರಡು ವರ್ಷದಿಂದ ಇದೇ ಆಸ್ಪತ್ರೆಯ ಅಡುಗೆಮನೆಯ ಮುಖ್ಯಸ್ಥನಿಗೆ! ಅಗಿಯಲಾಗದವರಿಗೆ ಬೇಯಿಸಿ ನುಣ್ಣಗೆ ಅರೆದು ಕೊಡುವ ಊಟ ಪ್ಯೂರಿ. ಮಾಮೂಲಿ ಊಟಕ್ಕೆ ಬಿಳಿ ಚೀಟಿ, ಮೆತ್ತನೆಯ ಊಟಕ್ಕೆ ಹಳದಿ ಚೀಟಿ, ಪ್ಯೂರಿಗೆ ನೀಲಿ ಚೀಟಿ. ಹನ್ನೊಂದೂವರೆಗೆ ಬಿಳಿ ಚೀಟಿಯ ತಟ್ಟೆಗಳೆಲ್ಲ ಹೊರಟ ಮೇಲೆ ಪಾತ್ರೆಗಳಲ್ಲಿ ಉಳಿದ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಕೋಳಿ, ಏನಿದೆಯೋ ಎಲ್ಲವನ್ನೂ ಒಟ್ಟಿಗೆ ದೊಡ್ಡ ಗ್ರೈಂಡರಿಗೆ ಹಾಕಿ ಬಿಸಿನೀರು ಸುರಿದರೆ ನಾಲ್ಕು ನಿಮಿಷದ ಕೆಲಸ. ಈ ಪದ್ಧತಿ ತಂದವನೇ ನಾನು. ಅದಕ್ಕೆ ಆಡಳಿತದವರು ಕೊಟ್ಟ ಪ್ರಶಂಸಾಪತ್ರ ಇನ್ನೂ ಅಡುಗೆಮನೆಯ ಗೋಡೆಯ ಮೇಲಿದೆ.

ನಮ್ಮಲ್ಲಿ ಊಟಕ್ಕೂ ಅದೇ ಹೆಸರು, ತಿನ್ನುವವರಿಗೂ ಅದೇ ಹೆಸರು. "ಇವತ್ತು ಎಷ್ಟು ಪ್ಯೂರಿ?" "ಹದಿನಾಲ್ಕು." ಬೆಳಿಗ್ಗೆ ವಾರ್ಡಿನಿಂದ ಫೋನು ಬಂತು: "ಮೂರನೇ ವಾರ್ಡಿನ ಪ್ಯೂರಿ ತೀರಿಕೊಂಡ್ರು, ಒಂದು ಬಟ್ಟಲು ಕಮ್ಮಿ ಮಾಡಿ." ಕಮ್ಮಿ ಮಾಡಿದೆ.

ಇನ್ನೊಂದು ವಿಷಯವಿದೆ, ಅದನ್ನು ಇಲ್ಲಿ ಮಾತ್ರ ಬರೆಯಬಲ್ಲೆ. ವೃದ್ಧರ ಆರೈಕೆ ಕೇಂದ್ರದಲ್ಲಿ ಅಕ್ಕನ ಹೆಸರು ಬರೆಸಿದ್ದೇನೆ. ಬಾಯಿಗೆ ತಿನ್ನಿಸಬೇಕಾದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ತಿನ್ನಿಸಲು ಅಷ್ಟು ಕೆಲಸದವರಿಲ್ಲವಂತೆ. ಟ್ಯೂಬ್ ಇದ್ದರೆ ತಕ್ಷಣ ತೆಗೆದುಕೊಳ್ಳುತ್ತಾರೆ. ಹಾಗಾಗಿ ಡಾಕ್ಟರ್ ಟ್ಯೂಬ್ ಎಂದಾಗ ನನಗೆ ಭಯವಾಗಲಿಲ್ಲ, ಹಗುರವಾಯಿತು. ಐವತ್ತೇಳು ವರ್ಷಕ್ಕೆ ಹೊಲಿಗೆ ಯಂತ್ರದ ಪಕ್ಕ ಮಡಚುವ ಮಂಚ ಹಾಕಿಕೊಂಡು ಎಷ್ಟು ದಿನ ಮಲಗಲಿ? ಮನೆ ಅವಳದೇ, ಒಪ್ಪಿದೆ. ಆದರೂ.

ಮಾರ್ಚ್ 5, ಬುಧವಾರ

ಆಸ್ಪತ್ರೆಯಿಂದ ಎರಡು ಗಂಟೆಗೆ ಬಂದೆ. ಬರುವಾಗ ನಮ್ಮ ಅಡುಗೆಮನೆಯ ಪ್ಯೂರಿಯನ್ನೇ ಡಬ್ಬಿಯಲ್ಲಿ ತಂದೆ. ನಾನು ಕೆಲಸಕ್ಕೆ ಹೋದಾಗ ಮೇಲಿನ ಮನೆಯ ಮೇಷ್ಟ್ರು ಬಂದು ಅಕ್ಕನ ಹತ್ತಿರ ಕೂರುತ್ತಾರೆ. ನಿವೃತ್ತರು, ಹೆಂಡತಿಯಿಲ್ಲ, ಪೇಪರನ್ನು ಗಟ್ಟಿಯಾಗಿ ಓದಿದರೆ ಕೇಳಲು ಅವರಿಗೂ ಒಬ್ಬರು ಬೇಕು.

ಮೊದಲ ಚಮಚ ಬಾಯಿಯ ಹತ್ತಿರ ಹಿಡಿದೆ. ಅಕ್ಕ ಬಗ್ಗಿ ನೋಡಿದಳು.

"ಏನಿದು?"

"ಪ್ಯೂರಿ."

"ಏನಿದು?"

"ಪ್ಯೂರಿ ಅಂದ್ನಲ್ಲ ಅಕ್ಕ. ಊಟ. ಬಾಯಿ ತೆಗಿ."

ಬಾಯಿ ಮುಚ್ಚಿದಳು. ತುಟಿ ಹೊಲಿದುಕೊಂಡ ಹಾಗೆ ಮುಚ್ಚಿದಳು. ಅರ್ಧ ಗಂಟೆ ಒದ್ದಾಡಿದೆ. ಎರಡು ಚಮಚ ಒಳಗೆ ಹೋಯಿತು, ಒಂದು ನನ್ನ ಅಂಗಿಯ ಮೇಲೆ ಬಂತು. ಮೇಷ್ಟ್ರು "ನಿಧಾನ, ನಿಧಾನ" ಎಂದರು. ಅವರಿಗೇನು, ಹೇಳುತ್ತಾರೆ. ಚಮಚ ಹಿಡಿದು ನೋಡಲಿ.

ಮಾರ್ಚ್ 7, ಶುಕ್ರವಾರ

ಮತ್ತೆ ಅದೇ. ಏನಿದು, ಏನಿದು, ಏನಿದು. ನಾಲಿಗೆ ಅರ್ಧ ಹೋದರೂ ಹಟ ಪೂರ್ತಿ ಉಳಿದಿದೆ. ಬೈದೆ. ಬಹಳ ಬೈದೆ. ಆಮೇಲೆ ಬೀದಿಯಲ್ಲಿ ಮೂರು ಸುತ್ತು ಹಾಕಿ ಬಂದೆ. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಈಗಲೂ ಬರೆಯುತ್ತ ಅವಳ ಯಂತ್ರದ ಪೆಡಲನ್ನು ಕಾಲಲ್ಲಿ ಸುಮ್ಮನೆ ತುಳಿಯುತ್ತಿದ್ದೇನೆ.

ಮನೆಯ ತಕ್ಕಡಿಯಲ್ಲಿ 40.4. ಇಳಿಯಲಿ ಬಿಡು.

ಮಾರ್ಚ್ 9, ಭಾನುವಾರ

ಇವತ್ತು ಅಕ್ಷರ ಕೋಳಿ ಕೆದಕಿದ ಹಾಗಿದೆ.

ರಜೆ. ಬೆಳಿಗ್ಗೆ ನಾನು ಚಹಾದಲ್ಲಿ ಬ್ರೆಡ್ ಅದ್ದಿ ತಿನ್ನುತ್ತಿದ್ದೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಕೈ ಮೇಲೆ ಹೋದರೆ ಕಣ್ಣು ಮೇಲೆ, ಕೆಳಗೆ ಬಂದರೆ ಕಣ್ಣು ಕೆಳಗೆ. "ಏನಿದು" ಎಂದು ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಬ್ರೆಡ್ಡಿಗಿಂತ ಮೆತ್ತಗಿನದು ಪ್ರಪಂಚದಲ್ಲಿ ಏನಿದೆ? ನಮ್ಮ ಹಳದಿ ಚೀಟಿಗೆ ದಿನವೂ ಬ್ರೆಡ್ ಹೋಗುತ್ತದೆ. ಅಂಚು ಕಿತ್ತು, ಹಾಲಿನಲ್ಲಿ ನೆನೆಸಿ, ಬಾಯಿಗಿಟ್ಟೆ. ಎಷ್ಟು ಆಸೆಯಿಂದ ತೆರೆದಳು! ಎರಡನೇ ತುಂಡು, ಮೂರನೇ ತುಂಡು. ನಾನು ಮೂರ್ಖ, ಗೆದ್ದೆ ಎಂದುಕೊಂಡೆ.

ನಾಲ್ಕನೆಯದಕ್ಕೆ ಸದ್ದು ನಿಂತಿತು. ಕೆಮ್ಮಲೂ ಇಲ್ಲ. ಕಣ್ಣು ದೊಡ್ಡದಾಯಿತು, ತುಟಿ ಬಣ್ಣ ಬದಲಾಯಿತು. ನನ್ನ ಕೈಕಾಲು ಆಡಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಅವಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಾರಿಸಿದೆ, ಮತ್ತೆ ಬಾರಿಸಿದೆ. ಅಂಟಿನ ಉಂಡೆಯಂಥದ್ದು ಬಾಯಿಗೆ ಬಂತು, ಬೆರಳು ಹಾಕಿ ಎಳೆದೆ. ಉಸಿರೆಳೆದ ಸದ್ದು ಕೇಳಿ ನಾನೇ ನೆಲದ ಮೇಲೆ ಕುಸಿದೆ.

ಮೇಷ್ಟ್ರು ಮೆಟ್ಟಿಲ ಮೇಲೆ ಎಡವಿಕೊಂಡು ಓಡಿಬಂದರು. ಅಕ್ಕ ಎಡಗೈಯಿಂದ ನನ್ನ ತಲೆ ಮುಟ್ಟಿ "ಲೋ" ಎಂದಳು. ಸಾಯುತ್ತಿದ್ದವಳು ಅವಳು, ಸಮಾಧಾನ ನನಗೆ.

ಮಾರ್ಚ್ 10, ಸೋಮವಾರ

ಚಮಚ ಡಾಕ್ಟರಿಗೆ ಫೋನಿನಲ್ಲೇ ಹೇಳೋಣವೆಂದಿದ್ದೆ, ಅವರೇ ಅಡುಗೆಮನೆಗೆ ಇಳಿದು ಬಂದರು. ಎಲ್ಲರ ಮುಂದೆ ಮುಖಕ್ಕೆ ಮಂಗಳಾರತಿ. "ಬ್ರೆಡ್ ಕೈಗೆ ಮೆತ್ತಗಿರುತ್ತೆ ಸಾರ್, ಗಂಟಲಿಗಲ್ಲ. ಎಂಜಲು ತಾಗಿದ್ರೆ ಉಂಡೆ ಕಟ್ಟಿ ಅಂಟ್ಕೊಳುತ್ತೆ. ಇಷ್ಟು ವರ್ಷ ಈ ಕೆಲಸ ಮಾಡಿ ನಿಮಗೆ ಗೊತ್ತಿಲ್ವಾ?" ಗೊತ್ತಿರಲಿಲ್ಲ. ಚೀಟಿಯ ಬಣ್ಣ ಗೊತ್ತಿತ್ತು, ಅಷ್ಟೇ.

ಮಧ್ಯಾಹ್ನ ಮತ್ತೆ ಡಬ್ಬಿ ತೆರೆದೆ. "ಏನಿದು?" ಎಂದಳು. ಪ್ಯೂರಿ ಎಂದೆ. ಥಟ್ಟನೆ ಎಡಗೈ ಚಾಚಿ ನನ್ನ ಕೈಯಿಂದ ಚಮಚ ಕಿತ್ತುಕೊಂಡಳು. ಕತ್ತರಿಗೆ ಬಟ್ಟೆ ಬಿಗಿದು ಹಿಡಿದ ಕೈ, ಹಿಡಿತ ಹೋಗಿಲ್ಲ. ಚಮಚವನ್ನು ನನ್ನ ಬಾಯಿಯ ಮುಂದೆ ಹಿಡಿದಳು.

"ನೀ ತಿನ್ನು."

"ನಂದು ಊಟ ಆಗಿದೆ ಅಕ್ಕ."

"ತಿನ್ನು."

ತಿಂದೆ. ಉಪ್ಪಿತ್ತು. ಉಗುರುಬೆಚ್ಚಗಿತ್ತು. ಅಷ್ಟು ಬಿಟ್ಟರೆ ಏನೂ ಇಲ್ಲ. ಬಣ್ಣ ಸಿಮೆಂಟಿನದು, ರುಚಿ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿನದು. ಬೆಳಿಗ್ಗೆ ಅದರೊಳಗೆ ಐದು ಪದಾರ್ಥ ಹಾಕಿದವನು ನಾನು, ಒಂದನ್ನೂ ಗುರುತಿಸಲಾಗಲಿಲ್ಲ. ಇಪ್ಪತ್ತೆರಡು ವರ್ಷ ಒಮ್ಮೆಯೂ ಬಾಯಿಗೆ ಹಾಕಿಕೊಂಡಿರಲಿಲ್ಲ.

"ಏನಿದು?" ಅಕ್ಕ ಮತ್ತೆ ಕೇಳಿದಳು.

ಕೋಪ ಬಂತು. ಅವಳ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಡಬ್ಬಿಯನ್ನು ತೊಟ್ಟಿಗೆ ಸುರಿದು, ಪಾತ್ರೆಗಳನ್ನು ಧಡಧಡ ಎಂದು ತೊಳೆದೆ. ತೊಳೆಯುವಾಗ ಕುಂಬಳಕಾಯಿ ನೆನಪಾಯಿತು. ನನಗೆ ಆಗ ಏಳು ವರ್ಷ, ಕುಂಬಳಕಾಯಿ ಕಂಡರಾಗದು. ಅಕ್ಕ ಅದನ್ನು ಆಲೂಗಡ್ಡೆಯಲ್ಲಿ ಕಲಸಿ, ಹೇಳದೆ ತಿನ್ನಿಸಿದಳು. ಗೊತ್ತಾದ ಮೇಲೆ ಮೂರು ದಿನ ಅವಳ ಕೈಯಿಂದ ಏನೂ ತಿನ್ನಲಿಲ್ಲ ನಾನು. ಮೂರನೇ ದಿನ ಅವಳೇ ಅತ್ತು, "ಇನ್ಮೇಲೆ ಹೆಸರು ಹೇಳದೆ ಕೊಡಲ್ಲ ಕಣೋ" ಎಂದಳು. ಅವಳು ಮಾತು ತಪ್ಪಲಿಲ್ಲ.

ಮಾರ್ಚ್ 11, ಮಂಗಳವಾರ

ಮನೆಯ ಸಣ್ಣ ಮಿಕ್ಸಿಯಲ್ಲೇ ಮಾಡಿದೆ. ಕ್ಯಾರೆಟ್ ಬೇರೆ, ಆಲೂಗಡ್ಡೆ ಬೇರೆ. ಬಟಾಣಿ ಬೇರೆ, ಅದನ್ನು ಜರಡಿಯಲ್ಲಿ ಒತ್ತಿ ಸಿಪ್ಪೆ ತೆಗೆದೆ. ಪ್ರತಿಯೊಂದಕ್ಕೂ ಒಂದಿಷ್ಟು ಬೆಣ್ಣೆ. ತಟ್ಟೆಯಲ್ಲಿ ಮೂರು ಬಣ್ಣ, ಮೂರು ಜಾಗ.

"ಏನಿದು?"

"ಕ್ಯಾರೆಟ್."

ಬಾಯಿ ತೆರೆದಳು!

"ಏನಿದು?"

"ಬಟಾಣಿ ಅಕ್ಕ. ಸಿಪ್ಪೆ ಒಂದೂ ಇಲ್ಲ, ಆಣೆ."

ಹನ್ನೊಂದು ಚಮಚ. ಮೇಷ್ಟ್ರು ಪೇಪರಿನ ಅಂಚಿನಲ್ಲಿ ಗೀಟು ಹಾಕಿ ಲೆಕ್ಕ ಇಟ್ಟರು. "ಇಪ್ಪತ್ತಕ್ಕೆ ಹನ್ನೊಂದು, ಅಂದ್ರೆ ನೂರಕ್ಕೆ ಐವತ್ತೈದು, ಪಾಸ್" ಎಂದರು. ಅಕ್ಕ ಅವರನ್ನು ದುರುಗುಟ್ಟಿ ನೋಡಿ ಹನ್ನೆರಡನೆಯದಕ್ಕೂ ಬಾಯಿ ತೆರೆದಳು.

ಮಾರ್ಚ್ 13, ಗುರುವಾರ

ಆಸ್ಪತ್ರೆಯಲ್ಲೂ ಪ್ಯೂರಿಯನ್ನು ಬೇರೆಬೇರೆ ಅರೆಯಿರಿ ಎಂದೆ. ತರಕಾರಿ ಹೆಚ್ಚುವಾಕೆ ನನಗಿಂತ ಹಳಬಳು, ಚಾಕುವನ್ನು ಹಲಗೆಗೆ ಟಪ್ಪೆಂದು ಇಟ್ಟು ಸೊಂಟಕ್ಕೆ ಕೈ ಕೊಟ್ಟಳು.

"ನಿಮ್ಮಕ್ಕನಿಗೆ ಹುಷಾರಿಲ್ದಿದ್ರೆ ನಮಗ್ಯಾಕೆ ಶಿಕ್ಷೆ? ಗ್ರೈಂಡರ್ ನಾಲ್ಕು ಸಲ ಯಾರು ತೊಳೀತಾರೆ?"

"ಅಕ್ಕನ ಮಾತಲ್ಲ ಇದು. ಎಲ್ಲಾ ಒಟ್ಟಿಗೆ ಹಾಕಿದ್ರೆ ಗ್ರೈಂಡರಿಗೆ ಭಾರ. ಮೋಟಾರ್ ಸುಟ್ಟುಹೋಗುತ್ತೆ."

"ಇಪ್ಪತ್ತೆರಡು ವರ್ಷ ಸುಡದ್ದು ಇವತ್ತು ಸುಡುತ್ತಾ?"

"ನಾನೇ ತೊಳೀತೀನಿ, ಆಯ್ತಾ?"

ತೊಳೆದೆ. ನಾಲ್ಕು ಸಲ. ಬೆನ್ನು ಹಿಡಿದುಕೊಂಡಿದೆ. ನಲವತ್ತು ನಿಮಿಷ ಹೆಚ್ಚಾಯಿತು. ಪ್ರಶಂಸಾಪತ್ರದ ಮೊಳೆ ಯಾಕೋ ಸಡಿಲವಾಗಿತ್ತು, ಯಾರ ತಲೆಯ ಮೇಲಾದರೂ ಬಿದ್ದೀತೆಂದು ಕೆಳಗಿಳಿಸಿ ಬೀರುವಿನಲ್ಲಿ ಇಟ್ಟೆ.

ಮಾರ್ಚ್ 17, ಸೋಮವಾರ

39.8.

ಮೂರು ದಿನ ನೆಗಡಿ, ಜ್ವರ. ಏನೂ ಸೇರಲಿಲ್ಲ ಅವಳಿಗೆ. ಹೆಸರು ಹೇಳಿದರೂ ತಲೆ ಆಡಿಸುತ್ತಿದ್ದಳು. ತಕ್ಕಡಿ ಕೆಟ್ಟಿರಬೇಕೆಂದು ಸಕ್ಕರೆ ಚೀಲ ಇಟ್ಟು ನೋಡಿದೆ, ಸರಿಯಾಗೇ ಇದೆ.

ಸಂಜೆ ಆರೈಕೆ ಕೇಂದ್ರದಿಂದ ಫೋನು. ಮಾತಾಡಿದವಳ ದನಿ ಸಕ್ಕರೆ. "ತಿಂಗಳ ಕೊನೆಗೆ ಕಿಟಕಿ ಪಕ್ಕದ ಹಾಸಿಗೆ ಖಾಲಿ ಆಗುತ್ತೆ ಸಾರ್. ಟ್ಯೂಬ್ ಹಾಕಿಸಿದ ತಕ್ಷಣ ತಿಳಿಸಿ, ನಿಮಗೇ ಇಟ್ಟಿರ್ತೀವಿ." ಆಗಲಿ ಎಂದೆ. ನಡುಮನೆಯಲ್ಲೇ ನಿಂತು ಮಾತಾಡಿದೆ. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಒಳ್ಳೆಯ ಸುದ್ದಿಯೇ. ಮೂರು ತಿಂಗಳಿಂದ ಕಾದವರಿಗೂ ಸಿಕ್ಕಿಲ್ಲವಂತೆ. ಆದರೆ ಯಾಕೋ ಊಟ ಸೇರಲಿಲ್ಲ. ಬೀದಿ ಸುತ್ತಿ ಬಂದೆ. ಅಂಗಡಿಯಲ್ಲಿ ಬೆಣ್ಣೆ, ಮೊಟ್ಟೆ, ಕೆನೆ ತೆಗೆದುಕೊಂಡೆ. ಒಂದೇ ಸಲ ಜಾಸ್ತಿ ತಿನ್ನಲಾಗದಿದ್ದರೆ ದಿನಕ್ಕೆ ಆರು ಸಲ ಸ್ವಲ್ಪಸ್ವಲ್ಪ ಕೊಡಬಹುದಲ್ಲ. ಆಸ್ಪತ್ರೆ ಮೂರು ಬೀದಿಯಾಚೆ, ಹತ್ತು ಗಂಟೆಯ ಬಿಡುವಿನಲ್ಲಿ ಓಡಿ ಬಂದು ಹೋಗಬಹುದು.

ಮಾರ್ಚ್ 19, ಬುಧವಾರ

ಓಡಿದೆ. ಏಪ್ರನ್ ಬಿಚ್ಚುವುದನ್ನು ಮರೆತಿದ್ದೆ, ಬೀದಿಯೆಲ್ಲ ನೋಡಿತು.

ಮೊಟ್ಟೆಯ ಹಳದಿ, ಆಲೂಗಡ್ಡೆ, ಬೆಣ್ಣೆ: ಎಂಟು ಚಮಚ. ಕೋಳಿ, ಅದರದೇ ರಸದಲ್ಲಿ ಅರೆದು ಕೆನೆ ಸೇರಿಸಿದ್ದು: ಏಳು. ಕೋಳಿ ಅರೆಯುವುದು ಸುಲಭವಲ್ಲ, ನಾರು ಉಳಿಯುತ್ತದೆ. ಎರಡು ಸಲ ಸೋಸಿದೆ. ಚಮಚ ಓರೆ ಮಾಡಿದರೆ ಜಾರಿ ಬೀಳಬೇಕು, ಹರಿಯಬಾರದು, ಅಂಟಲೂಬಾರದು. ಈ ಹದವನ್ನು ಯಾವ ಪುಸ್ತಕವೂ ನನಗೆ ಕಲಿಸಲಿಲ್ಲ. ಪ್ಯೂರಿ ನಾಲ್ಕು ನಿಮಿಷದ ಕೆಲಸವೆಂದು ಯಾವ ಗೂಬೆ ಹೇಳಿದ್ದು?

ಹನ್ನೊಂದನೇ ಹಾಸಿಗೆಯ ಅಜ್ಜನಿಗೆ ಬಟಾಣಿ ಇಷ್ಟವಿಲ್ಲ, ಎರಡು ಪಾಲು ಕ್ಯಾರೆಟ್ ಬೇಕಂತೆ. ಇಪ್ಪತ್ತನೇ ಹಾಸಿಗೆಯಾಕೆ ಶಿಕ್ಷಕಿಯಾಗಿದ್ದರಂತೆ, ಬಿಸಿ ಇಲ್ಲದಿದ್ದರೆ ತಟ್ಟೆ ವಾಪಸ್. ತರಕಾರಿ ಹೆಚ್ಚುವಾಕೆಯೇ ಇದನ್ನೆಲ್ಲ ವಾರ್ಡಿನಲ್ಲಿ ಕೇಳಿಕೊಂಡು ಬಂದಳು. ಹೋಗು ಎಂದು ನಾನು ಹೇಳಿರಲಿಲ್ಲ.

ಮಾರ್ಚ್ 22, ಶನಿವಾರ

ಅಕ್ಕ ಇವತ್ತು "ಉಪ್ಪು" ಎಂದಳು. ಹೆಚ್ಚಾಯಿತೆಂದೋ ಕಮ್ಮಿಯೆಂದೋ ಗೊತ್ತಾಗಲಿಲ್ಲ. ರುಚಿ ನೋಡಿದೆ. ಹೆಚ್ಚೇ ಆಗಿತ್ತು. ಹಾಳಾದವಳು, ಅರ್ಧ ನಾಲಿಗೆಯಲ್ಲೂ ತಪ್ಪು ಹುಡುಕುತ್ತಾಳೆ. ಖುಷಿಯಾಯಿತು.

40.1.

ಮಾರ್ಚ್ 25, ಮಂಗಳವಾರ

ನಾಳೆ ಪರೀಕ್ಷೆ. ಬೆಳಿಗ್ಗೆ 40.2 ಇತ್ತು, ಮಧ್ಯಾಹ್ನ 40.0. ಸಂಜೆ ತೂಗಲು ಹೋದರೆ ಅಕ್ಕ ತಕ್ಕಡಿಯನ್ನು ಎಡಗಾಲಲ್ಲಿ ಒದ್ದಳು. ಇಡೀ ದಿನ ಇದ್ದುದನ್ನೆಲ್ಲ ಎತ್ತಿಟ್ಟೆ, ಎತ್ತಿಟ್ಟದ್ದನ್ನು ಮತ್ತೆ ಇಳಿಸಿದೆ. ಮೇಷ್ಟ್ರು ಬಂದು ಅಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು, ನಾನು ಬಂದ ಕೂಡಲೇ ಪೇಪರ್ ಅಡ್ಡ ಹಿಡಿದರು. ಇಬ್ಬರದೂ ಏನೋ ನಡೆದಿದೆ.

ತರಕಾರಿ ಹೆಚ್ಚುವಾಕೆ ಎರಡು ಸೇಬು ಕೊಟ್ಟು ಕಳಿಸಿದಳು. "ಪರೀಕ್ಷೆಗೆ ಇದನ್ನೇ ಅರೆದು ತಗೊಂಡು ಹೋಗಿ, ಆಸ್ಪತ್ರೆಯವರು ನೀರು ಗಟ್ಟಿ ಮಾಡೋಕೆ ಕಲಸೋ ಪುಡಿ ಬೇಡ." ಇವಳು ಯಾವಾಗ ಇಷ್ಟು ಒಳ್ಳೆಯವಳಾದಳೋ.

ಮಾರ್ಚ್ 26, ಬುಧವಾರ

ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ಹನ್ನೊಂದು ಗಂಟೆಗೆ ನಮ್ಮ ಸರದಿ. ಗಾಲಿಕುರ್ಚಿ ಸಮೇತ ತೂಗುವ ದೊಡ್ಡ ತಕ್ಕಡಿ, ಕುರ್ಚಿಯ ತೂಕ ಕಳೆಯುತ್ತಾರೆ. ಅಕ್ಕ ಶಾಲು ಹೊದ್ದು ಎಡಗೈಯನ್ನು ಅದರೊಳಗೆ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಸೆಕೆಯಲ್ಲಿ ಯಾಕೆ ಶಾಲು ಎಂದರೆ ಮೇಷ್ಟ್ರು "ಇರಲಿ ಬಿಡಪ್ಪ, ಚಳಿಯಂತೆ" ಎಂದರು. 40.7! ನಾನು ಕೂಗಿಯೇಬಿಟ್ಟೆ. ಚಮಚ ಡಾಕ್ಟರ್ ಹುಬ್ಬು ಏರಿಸಿ ಚೀಟಿಯಲ್ಲಿ ಬರೆಯಲು ಬಗ್ಗಿದರು.

ಆಗ ಅಕ್ಕನಿಗೆ ಸೀನು ಬಂತು. ಶಾಲು ಜಾರಿತು. ಖಣ್ ಎಂದು ನೆಲಕ್ಕೆ ಬಿದ್ದದ್ದು ಅವಳ ಬಟ್ಟೆ ಕತ್ತರಿಸುವ ಕತ್ತರಿ. ಕಬ್ಬಿಣದ್ದು, ಅವಳು ಅಂಗಡಿ ಹಾಕಿದ ಕಾಲದ್ದು.

ಮೇಷ್ಟ್ರು ಕಿಟಕಿಯಾಚೆ ನೋಡಲು ಶುರುಮಾಡಿದರು, ಕತ್ತರಿಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟವರು ಅವರಲ್ಲದೆ ಇನ್ಯಾರು. ಡಾಕ್ಟರ್ ನಗಬೇಕೋ ಬೈಯಬೇಕೋ ತಿಳಿಯದೆ "ಅಮ್ಮಾ, ಇದೇನಮ್ಮಾ?" ಎಂದರು. ಅಕ್ಕ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿದಳು.

"ಹೋಗಲ್ಲ," ಎಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗಾಯಿತು. ಗೋಡೆ ಕಡೆ ಮುಖ ಮಾಡಿದ್ದವಳಿಗೆ ನಿದ್ದೆ ಬಂದಿರಲಿಲ್ಲ. ಕಿಟಕಿ ಪಕ್ಕದ ಹಾಸಿಗೆಯ ಮಾತನ್ನೆಲ್ಲ ಕೇಳಿಸಿಕೊಂಡು, ಒಂಬತ್ತು ದಿನ ಬಾಯಿ ಬಿಡದೆ, ನಾನು ಕೊಟ್ಟದ್ದನ್ನೆಲ್ಲ ನುಂಗಿದ್ದಳು. ಅವಳ ಮನೆಯಿಂದ ಅವಳನ್ನೇ ಕಳಿಸಲು ಹೊರಟವನ ಕೈಯಿಂದ. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಬಗ್ಗಿ ಕತ್ತರಿ ಎತ್ತಿಕೊಂಡೆ.

"ಇನ್ನೊಂದ್ಸಲ ತೂಗಿ," ಎಂದೆ.

ತಕ್ಕಡಿಯ ಅಂಕಿ ಹಾಳಾದ್ದು ನಿಲ್ಲಲೊಲ್ಲದು. 39.9 ಎಂದಿತು, 40.4 ಎಂದಿತು, ಮತ್ತೆ ಇಳಿಯಿತು. ನಿಂತದ್ದು 40.3ಕ್ಕೆ. ಕತ್ತರಿ ಇಲ್ಲದೆ, ಶಾಲೂ ಇಲ್ಲದೆ.

ಆಮೇಲೆ ನುಂಗುವ ಪರೀಕ್ಷೆ. ನಾನು ತಂದ ಡಬ್ಬಿಯಿಂದ ಡಾಕ್ಟರ್ ಒಂದು ಚಮಚ ತೆಗೆದು ಹಿಡಿದರು.

"ಏನಿದು?" ಎಂದಳು ಅಕ್ಕ.

"ಪ್ಯೂರಿ ಅಮ್ಮ."

ಅಕ್ಕನ ಬಾಯಿ ಮುಚ್ಚಿತು. ಡಾಕ್ಟರ್ ನನ್ನ ಮುಖ ನೋಡಿದರು.

"ಸೇಬು ಅಕ್ಕ," ಎಂದೆ. "ಎರಡು ಸೇಬು, ಸಿಪ್ಪೆ ತೆಗೆದು ಬೇಯಿಸಿದ್ದು. ಬೇರೇನೂ ಸೇರಿಸಿಲ್ಲ. ನಾನು ರುಚಿ ನೋಡಿದೀನಿ."

ಬಾಯಿ ತೆರೆದಳು. ಡಾಕ್ಟರ್ ಗಂಟಲಿನ ಮೇಲೆ ಎರಡು ಬೆರಳಿಟ್ಟು ಕಾದರು. ಗಂಟಲು ಏರಿತು, ಇಳಿಯಿತು. ಕೆಮ್ಮಿಲ್ಲ. ಇನ್ನೊಂದು. ಕೆಮ್ಮಿಲ್ಲ. ಫೋರ್ಕಿನಲ್ಲಿ ಒರಟಾಗಿ ಹಿಸುಕಿದ ಬಾಳೆಹಣ್ಣು, ಅದಕ್ಕೂ ಹೆಸರು ನಾನೇ ಹೇಳಿದೆ. ಬಹಳ ಹೊತ್ತು ಬಾಯಲ್ಲಿ ಆಡಿಸಿ, ನುಂಗಿದಳು. "ಆ ಅನ್ನಿ" ಎಂದರು ಡಾಕ್ಟರ್. ಬಾಯಿ ಖಾಲಿ.

"ಟ್ಯೂಬ್ ಬೇಡ," ಎಂದು ನೀಲಿ ಚೀಟಿ ಹರಿದು ಹಳದಿ ಚೀಟಿ ಬರೆದರು. "ಬ್ರೆಡ್ ಮಾತ್ರ ಕೊಟ್ಟೀರಿ, ಜೋಕೆ!"

ನಾನು ಹೊರಗೆ ಓಣಿಯಲ್ಲಿ ಗೋಡೆಗೊರಗಿ ಅತ್ತೆ. ಮೇಷ್ಟ್ರು ಕರವಸ್ತ್ರ ಕೊಟ್ಟು, ಅದೇ ಕರವಸ್ತ್ರ ವಾಪಸ್ ತೆಗೆದುಕೊಂಡು ತಾವೂ ಮೂಗು ಒರೆಸಿಕೊಂಡರು.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಅಕ್ಕನಿಗೆ ಹಿಸುಕಿದ ಮೊಟ್ಟೆ ತಿನ್ನಿಸುತ್ತಿದ್ದಾಗ ಫೋನು. ಅದೇ ಸಕ್ಕರೆ ದನಿ. "ಸಾರ್, ನಿಮ್ಮಕ್ಕನಿಗೆ ಟ್ಯೂಬ್ ಆಯ್ತಾ? ಕಿಟಕಿ ಪಕ್ಕದ ಹಾಸಿಗೆ..."

"ಯಾವ ಅಕ್ಕ? ರಾಂಗ್ ನಂಬರ್," ಎಂದು ಇಟ್ಟೆ.

"ಯಾರು?" ಎಂದಳು ಅಕ್ಕ.

"ಯಾರೋ. ರಾಂಗ್ ನಂಬರ್. ಬಾಯಿ ತೆಗಿ, ಮೊಟ್ಟೆ."

ನನ್ನನ್ನು ಒಂದು ನಿಮಿಷ ನೋಡಿ, ತಿಂದಳು. ಬಟ್ಟಲು ಖಾಲಿಯಾದ ಮೇಲೆ ನಾಳೆ ಏನು ಬೇಕು ಎಂದು ಕೇಳಿದೆ. ಯೋಚಿಸಿದಳು. ಬಾಯಿಯ ಸರಿಯಿರುವ ಪಕ್ಕ ಸ್ವಲ್ಪ ಮೇಲಕ್ಕೆ ಹೋಯಿತು.

"ಕುಂಬಳಕಾಯಿ."

ತರಲು ಹೊರಟಿದ್ದೇನೆ. ಬೇಯಿಸಿ, ಹಿಸುಕಿ, ಮೊದಲು ರುಚಿ ನೋಡಬೇಕಾದವನು ನಾನೇ. ಐವತ್ತು ವರ್ಷ ತಪ್ಪಿಸಿಕೊಂಡಿದ್ದೆ.